ಪಂಕ್ತಿಯಲ್ಲಿ ನಮ್ಮ ಜಾಗ

ಕಳವಾ, ಸೋಮವಾರ

ಮೋಹನದಾಸ ಕಾಕಾ ಅವರಿಗೆ ಹಮಾಲಿ ಯಂಕಪ್ಪನ ಮಗಳು ಮಾಲಾಳ ನಮಸ್ಕಾರಗಳು.

ನಾನೀಗ ಬೇಲಾಪುರದ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಮೊನ್ನೆ ಪಾಠದಲ್ಲಿ ‘ಇನಿಕ್ವಿಟಿ’ ಎಂಬ ಪದ ಬಂತು. ಘೋರ ಅನ್ಯಾಯ, ದುಷ್ಟತನ ಎಂದು ಅರ್ಥ. ಆದರೆ ಅದು ಹುಟ್ಟಿದ ಲ್ಯಾಟಿನ್ ಮಾತಿಗೆ ‘ಸಮವಲ್ಲದ್ದು’ ಎಂದಷ್ಟೇ ಅರ್ಥವಂತೆ. ಮಕ್ಕಳಿಗೆ ಹೇಗೆ ಬಿಡಿಸಿ ಹೇಳಲಿ ಎಂದು ಯೋಚಿಸುವಾಗ ಡೊಂಬಿವಲಿಯ ನಿಮ್ಮ ಹೋಟೆಲ್ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಂದು ದಿನ, ಚೀಲ ಹೊತ್ತ ಅಂಗಿಗೆ ಕೆಮಿಕಲ್ ವಾಸನೆ ಎಂದು ಅಪ್ಪ ನನ್ನನ್ನು ಕರೆದುಕೊಂಡು ಹೊರಗೇ ಕೂತಿದ್ದರು. ನೀವು ಬಂದು ಗದರಿದಿರಿ: “ಪಂಕ್ತಿಭೇದ ಆಗ್ತದೆ ಮಾರಾಯ, ಆ ಪಾಪ ನಂಗೆ ಬೇಡ. ಒಳಗೆ ಬಾ.” ಆಫೀಸಿನವರ ಪಕ್ಕದಲ್ಲೇ ಕೂರಿಸಿ, ಅವರಿಗೆ ಬಡಿಸಿದ ತುಪ್ಪವನ್ನೇ ನಮಗೂ ಬಡಿಸಿದಿರಿ. ತರಗತಿಯಲ್ಲಿ ಇದನ್ನೇ ಹೇಳಿದೆ. ಮಕ್ಕಳಿಗೆ ಪದ ಅರ್ಥವಾಯಿತು.

ಒಂದು ವಿನಂತಿ ಇದೆ. ಈಗ ಹೋಟೆಲ್ ನಡೆಸುವ ನಿಮ್ಮ ಮಗ ಕೌಶಲ್, ಹಮಾಲರಿಗೆ ಊಟ ಕೊಡಲೆಂದು ಹಿಂದಿನ ಗಲ್ಲಿಯಲ್ಲಿ ಬೇರೆ ಕಿಟಕಿ ಮಾಡಿಸಿದ್ದಾನಂತೆ. ಅವನಿಗೆ ಬುದ್ಧಿ ಹೇಳುವಷ್ಟು ದೊಡ್ಡವಳು ನಾನಲ್ಲ. ಶನಿವಾರ ಅಪ್ಪ ಕೆಲಸದ ಅಂಗಿಯಲ್ಲೇ ಹೋಟೆಲಿಗೆ ಊಟಕ್ಕೆ ಬರುತ್ತಾರೆ, ಜೊತೆಗೆ ನಾನೂ. ದಯವಿಟ್ಟು ನೀವೂ ಬನ್ನಿ. ನಾವು ಎಲ್ಲಿ ಕೂರಬೇಕೆಂದು ಅಂದಿನಂತೆ ನೀವೇ ಹೇಳಿ.

ನಿಮ್ಮ ಅನ್ನದ ಋಣದಲ್ಲಿರುವ,
ಮಾಲಾ