ಕಿಟಕಿಯಿಲ್ಲದ ಕೋಣೆಯಲ್ಲಿ ಅಮ್ಮನ ನಿದ್ದೆ

ಕೂಬರ್ ಪೀಡಿ, ಶುಕ್ರವಾರ

ಮುದ್ದಿನ ಅಕ್ಕ,

ಓಪಲ್ ರತ್ನದ ಗಣಿಯ ಈ ಊರಿನವರು ಬಿಸಿಲಿಗೆ ಹೆದರಿ ನೆಲದಡಿಯಲ್ಲೇ ಮನೆ ಕೊರೆದುಕೊಂಡಿದ್ದಾರೆ. ನಿನ್ನೆಯಿಂದ ನಾವೂ ಭೂಗತ ಲೋಕಕ್ಕೆ ಸೇರಿದ್ದೇವೆ, ಪೊಲೀಸರಿಗೆ ಹೇಳಬೇಡ. ಶಂಖದ ಒಳಮೈಯಂಥ ಗುಲಾಬಿ ಗೋಡೆ, ಗಾಳಿಗೂ ಮಂಪರು. ಅಪ್ಪ ಹೋದಾಗಿನಿಂದ ಕಣ್ಣು ಮುಚ್ಚದಿದ್ದ ಅಮ್ಮ ದಿಂಬಿಗೆ ತಲೆ ಕೊಟ್ಟವಳು ಮಧ್ಯಾಹ್ನವಾದರೂ ಏಳಲಿಲ್ಲ. ನನಗೆ ಗಾಬರಿ.

"ಮಲಗ್ಲಿ ಬಿಡಪ್ಪ," ಎಂದು ಮನೆಯೊಡತಿ ಮಿಲ್ಕಾ ನಕ್ಕಳು, "ಎಬ್ಬಿಸೋಣ ಅಂದ್ರೆ ಸೂರ್ಯನಿಗೇ ಇಲ್ಲಿ ಕಿಟಕಿ ಇಲ್ಲ!"

ಧೂಳಿಗೆ ನನ್ನ ಕೆಮ್ಮು ಹೆಚ್ಚಿದೆ, ಕಾರು ಕ್ಷೇಮ.

ಇದೀಗ ಅಮ್ಮ ಎದ್ದು ಟೀ ಕೇಳಿದಳು. ಓಪಲ್ ಸಿಕ್ಕಿತೇ ಎನ್ನಲು ಗಣಿಯವರು ಬಳಸುವ ಮಾತಿನಲ್ಲೇ ಮಿಲ್ಕಾ ನನ್ನನ್ನು, "ಏನಪ್ಪ, ಬಣ್ಣ ಸಿಕ್ತಾ?" ಎಂದು ಕೇಳಿದಳು. ಅಮ್ಮನ ಕೆನ್ನೆ ನೋಡಿ, "ಸಿಕ್ತು" ಎಂದೆ.

ನಿನ್ನ ತಮ್ಮ,
ಕ್ಲೈವ್