ಅಟ್ಟಕ್ಕೆ ಮೆಟ್ಟಿಲು

ಪ್ರೀತಿಯ ಅತ್ತಿಗೆಗೆ,

ಎದುರು ನಿಂತು ಹೇಳಲಾಗದೆ ಬರೆಯುತ್ತಿದ್ದೇನೆ. ಗಂಡನ ಮನೆ ಬಿಟ್ಟು ಬಂದ ನನಗಾಗಿ ನೀವು ಅರ್ಧಕ್ಕೇ ನಿಂತಿದ್ದ ಅಟ್ಟವನ್ನು ಕೋಣೆ ಮಾಡಿಸುತ್ತಿದ್ದೀರಿ. ನೆಲಕ್ಕೆ ಹಲಗೆ ಬಂತು, ಇಳಿಜಾರು ಮಾಡಿಗೆ ಕಿಟಕಿ ಬಂತು. ನಾನು ತೊಲೆಗೆ ತಲೆ ತಾಗಿಸಿಕೊಂಡಾಗಲೆಲ್ಲ, "ಇನ್ನಾದ್ರೂ ನಮ್ಮ ನಾದಿನಿ ತಲೆ ಬಗ್ಗಿಸೋದು ಕಲೀತಾಳಪ್ಪ!" ಎಂದು ನಗಿಸಿದಿರಿ.

ನಿನ್ನೆ ಬಡಗಿ, "ಹತ್ತೋಕೆ ಏಣಿ ಸಾಕಾ?" ಎಂದಾಗ ಅಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ನೀವು ಅಡುಗೆಮನೆಯಿಂದಲೇ ಕೂಗಿದಿರಿ: "ಏಣಿ ಯಾಕ್ರೀ? ಅವಳೇನು ನಾಲ್ಕು ದಿನ ಇದ್ದು ಹೋಗೋ ನೆಂಟಳಾ? ಗಟ್ಟಿ ಮೆಟ್ಟಿಲು ಮಾಡಿ."

ಅಣ್ಣನಿಗೊಂದು ಮಾತು ಹೇಳಿ. ನನ್ನ ಹೊಲಿಗೆ ಮಷಿನ್ ಗಂಡನ ಮನೆಯಲ್ಲೇ ಇದೆ. ಕೇಳಲು ಇಷ್ಟು ದಿನ ಧೈರ್ಯವಿರಲಿಲ್ಲ. ಮೆಟ್ಟಿಲಾದ ಮೇಲೆ ಅದನ್ನು ಅಟ್ಟಕ್ಕೆ ತರಬೇಕು. ಒಬ್ಬರಿಂದ ಎತ್ತಲಾಗದು. ಆ ಮನೆಗೆ ನಾನೂ ಬರುತ್ತೇನೆ, ಇನ್ನೊಂದು ಕಡೆ ನಾನೇ ಹಿಡಿಯುತ್ತೇನೆ.

ನಿಮ್ಮ ಮಹಡಿಯ ನಾದಿನಿ