ದೊಡ್ಡಮನೆಯ ಮಡಿಲು

ಹುಣಸೂರು
ಫೆಬ್ರವರಿ ೧೪, ಭಾನುವಾರ

ಅವ್ವ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ಕೇಳುವ ಮುಖ ನನಗಿಲ್ಲ. ನನ್ನ ಮಗ ತೇಜಸ್‌ಗೆ ಏಳು ತಿಂಗಳು, ಹಲ್ಲು ಬರುತ್ತಿದೆ. ಅವನೂ ಮಲಗುವುದಿಲ್ಲ, ನನ್ನನ್ನೂ ಮಲಗಲು ಬಿಡುವುದಿಲ್ಲ. ಬಾಣಂತನ ಮಾಡಿದ್ದು ಅತ್ತೆ, ಶಶಿಯ ತಾಯಿ. ಕೇರಿಯವನನ್ನು ಕಟ್ಟಿಕೊಂಡವಳಿಗೆ ತವರಿಲ್ಲ ಅಂತ ನೀನು ಹೇಳಿಕಳಿಸಿದ್ದೆಯಲ್ಲ.

ಜಿಲ್ಲಾ ಪಂಚಾಯಿತಿ ಚುನಾವಣೆಗೆ ನಿಂತ ಮೇಲೆ ನೀನು ಅದೇ ಕೇರಿಗಳಿಗೆ ಹೋದೆ. ರಾವಂದೂರಿನ ಪಟೇಲರ ಮನೆ ಶಿವರುದ್ರಮ್ಮ ಕೇರಿಯ ಮಕ್ಕಳನ್ನು ಎತ್ತಿಕೊಂಡ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅತ್ತೆಯ ಊರಿಗೆ ನೀನು ಬಂದ ದಿನ ನಾನೂ ಅಲ್ಲೇ ಇದ್ದೆ, ಬಾಗಿಲ ಹಿಂದೆ. ಅತ್ತೆ ನನ್ನನ್ನು ಕೇಳದೆಯೇ ಮಗುವನ್ನು ನಿನ್ನ ಕೈಗೆ ಕೊಟ್ಟರು. "ಯಾರ್ ಮಗ ಇದು, ಗುಂಡ್‌ಗುಂಡಾಗೈತೆ?" ಅಂದೆ. "ಮೊಮ್ಮಗ ಕಣ್ರವ್ವಾ" ಅಂದರು ಅತ್ತೆ. ಫೋಟೊ ತೆಗೆದರು. ನೀನು ಮುಂದಿನ ಮನೆಗೆ ಹೋದೆ.

ನಾಲ್ಕೇ ದಿನಕ್ಕೆ ನಿನ್ನ ಕಡೆಯ ಮಂಟಯ್ಯ ನಾನು ಯಾರೆಂದು ತಿಳಿಯದೆ ಆ ಫೋಟೊವನ್ನೇ ಹಿಡಿದು ನಮ್ಮ ಫ್ಲೆಕ್ಸ್ ಅಂಗಡಿಗೆ ಬಂದ. "ಅಮ್ಮಾವ್ರು ರಾಣಿ ಥರ ಕಾಣ್ಬೇಕು ಕಣವ್ವ" ಅಂದ. ನಾನು ಚಿತ್ರಕಲೆ ಓದಿದವಳು. ನಿನ್ನ ಕಣ್ಣಡಿಯ ಕಪ್ಪು ಅಳಿಸಿದೆ, ಕಾಸಿನ ಸರಕ್ಕೆ ಹೊಳಪು ಕೊಟ್ಟೆ, ಮೇಲೆ "ದೊಡ್ಡಮನೆಯ ಮಡಿಲು, ಎಲ್ಲರಿಗೂ ನೆರಳು" ಅಂತ ಕೂರಿಸಿದೆ. ಹನ್ನೆರಡು ಅಡಿ ಎತ್ತರದಲ್ಲಿ ನನ್ನ ಮಗ ಅಜ್ಜಿಯ ತೋಳಿನಲ್ಲಿ ನಗುತ್ತಿದ್ದ. ನೋಡಿ ನೋಡಿ ಹೊಟ್ಟೆ ಉರಿಯಿತು.

ಕರಪತ್ರದಲ್ಲಿ ನಿನ್ನನ್ನು ಅಣಕಿಸಿದ ಆ ವ್ಯಂಗ್ಯಚಿತ್ರ ಯಾರದೆಂದು ಊರೆಲ್ಲ ಹುಡುಕಿಸುತ್ತಿದ್ದೀಯಂತೆ. ನಾನೇ ಬರೆದದ್ದು. ಎಡಕ್ಕೆ ಮಗು ಎತ್ತಿಕೊಂಡು ನಗುವ ನೀನು. ಬಲಕ್ಕೆ ಹಿತ್ತಲ ಬಚ್ಚಲಲ್ಲಿ ಸೀರೆ ಸಮೇತ ತಲೆಗೆ ನೀರು ಸುರಿದುಕೊಳ್ಳುವ ನೀನು. ಕೇರಿಗೆ ಹೋಗಿಬಂದರೆ ಹಿತ್ತಲಿಂದ ಬಂದು, ಮಿಂದು, ಆಮೇಲೆ ಒಳಗೆ ಕಾಲಿಡುವುದು ನಮ್ಮ ಮನೆಯ ಪದ್ಧತಿ. ಚಿಕ್ಕವಳಿದ್ದಾಗ ನೀರು ತೋಡಿಕೊಡುತ್ತಿದ್ದವಳು ನಾನೇ. ಎದುರಾಳಿಯ ಕಡೆಯವರಿಗೆ ಅದನ್ನು ಕೊಟ್ಟವಳೂ ನಾನೇ.

ಕರಪತ್ರದಲ್ಲಿ ಬಂದಾಗ ನಿನ್ನ ಮೈಮೇಲೆ ಸೀರೆ ಇರಲಿಲ್ಲ. ತೆಗೆದವರು ಅವರು, ಬಚ್ಚಲು ತೋರಿಸಿದವಳು ನಾನು. ಟೀ ಅಂಗಡಿಯಲ್ಲಿ "ಪಟೇಲಮ್ಮನ ಮಡಿ ನೋಡ್ಲಾ" ಅಂತ ಗಂಡಸರು ನಗುತ್ತಿದ್ದರಂತೆ. ಶಶಿ ಎರಡು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅದಕ್ಕೆ ಮುಂಚೆ ಅಂದದ್ದು ಇಷ್ಟು: "ನಿಮ್ಮವ್ವ ನನ್ನ ಮುಟ್ದೆ ಇದ್ರೂ ಬುಡು, ಎಂಗಸ್ಸಿನ ಮಾನ ತೆಗೀಬಾರ್ದಿತ್ತು ನೀನು."

ನೀನು ಸೋತರೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ನಿನ್ನ ಸೋಲಿಂದ ನನಗೇನಾಗಬೇಕು? ನನ್ನ ಮಗನೆಂದು ತಿಳಿದೂ ನೀನು ಅವನನ್ನು ಎತ್ತಿಕೊಳ್ಳಬೇಕಿತ್ತು. ಅಷ್ಟೇ ಬೇಕಿತ್ತು.

ಕ್ಷಮಿಸು ಅಂತ ಬರೆಯುವುದಿಲ್ಲ. ನೀನೂ ನನ್ನ ಕ್ಷಮೆ ಕೇಳಿಲ್ಲ.

ನೀನು ಬೇಡವೆಂದರೂ ನಿನ್ನ ಮಗಳು,
ವಾಣಿಶ್ರೀ

ತಾ.ಕ.: ಕಾಗದ ಮಡಚುತ್ತಿದ್ದಾಗ ನಿನ್ನ ಅಡಿಗೆಯ ಸುನಂದಮ್ಮ ಫೋನ್ ಮಾಡಿ ಬೈದಳು. "ಬಚ್ಚಲ ವಿಸ್ಯ ನಿಂಗಲ್ದೆ ಇನ್ಯಾರ್ಗೆ ಗೊತ್ತವ್ವ? ಆವತ್ತು ನಿಮ್ಮತ್ತೆ ಊರಿಂದ ಬಂದೋರು ಅಮ್ಮಾವ್ರು ಮೀಯ್ಲೇ ಇಲ್ಲ ಕಣೆ. ಮುಂಬಾಗ್ಲಲ್ಲೇ ಬಂದು, ಮಗ ಜೊಲ್ಲು ಸುರ್ಸಿದ್ ಸೀರೇಲೇ ಉಂಡ್ರು. 'ಆ ಮಗೀಗೆ ವಾಣಿ ಕಣ್ಣೇ ಕಣೆ' ಅಂದ್ರು."

ನಾನು ನೋಡಿರಲಿಲ್ಲ ಅವ್ವ. ನೋಡದೆಯೇ ಬರೆದೆ.